ಗಾಲಿಯ ಮೇಲಣ ಮನೆಯೂ ಹಂಪೆಯ ಹಾದಿಯೂ

ಮಲಗಲು ಮಂಚ, ಅಡುಗೆಗೆ ಒಲೆ, ಸ್ನಾನಕ್ಕೆ ಮೂಲೆ, ಇವೆಲ್ಲವನ್ನೂ ಒಂದು ಮೋಟಾರು ಬಂಡಿಯೊಳಗೆ ಅಡಕಗೊಳಿಸಿ, ಮನಸ್ಸಿಗೊಪ್ಪಿದ ನೋಟಗಳ ಮುಂದೆ ಅದನ್ನು ನಿಲ್ಲಿಸುತ್ತ, ನಡುವೆ ಒಂದು ದ್ರಾಕ್ಷಿತೋಟವನ್ನು ಹೊಕ್ಕು ಅಲ್ಲಿಯ ವೈನನ್ನು ರುಚಿನೋಡಿ ಮುಂದೆ ಸಾಗುವ ಪ್ರವಾಸಪದ್ಧತಿ ನಮ್ಮ ನಾಡಿಗೆ ಇತ್ತೀಚೆಗೆ ಬಂದುದಾಗಿದೆ. ಕೇಂದ್ರ ಸರ್ಕಾರ ಕ್ಯಾರವಾನ್ ಪ್ರವಾಸಕ್ಕೆಂದೇ 2009ರಲ್ಲಿ ಒಂದು ನೀತಿಯನ್ನು ರೂಪಿಸಿತಾದರೂ, ಬೆಂಗಳೂರಿನಿಂದ ಚಿತ್ರದುರ್ಗದ ಮಾರ್ಗವಾಗಿ ಇಂತಹ ಬಂಡಿಗಳು ಹಂಪೆಯತ್ತ ಬರತೊಡಗಿದುದು ಈಚಿನ ಕೆಲವು ವರ್ಷಗಳ ಮಾತು. ಹಣವುಳ್ಳವರ ವಿನೋದವೆಂದು ಇದನ್ನು ತಳ್ಳಿಹಾಕುವುದು ಸುಲಭ; ಆದರೆ ಹೋಟೆಲಿನ ವಾಸಕ್ಕಿಂತ ಮೇಲಾದ, ಸ್ಥಳಕ್ಕೆ ಹೆಚ್ಚು ಸಮೀಪವಾದ ಯಾತ್ರಾವಿಧಾನ ತಾನೆಂದು ಹೇಳಿಕೊಳ್ಳುತ್ತಿರುವ ಪದ್ಧತಿಯನ್ನು ಅದರ ಮಾತಿನಿಂದಲೇ ಅಳೆದು ನೋಡುವುದು ನ್ಯಾಯ.

ಗುಣವನ್ನು ಮೊದಲು ಹೇಳಬೇಕು. ಹಂಪೆಯನ್ನು ಕಾಣುವುದಕ್ಕೆ ಬೇಕಾದುದು ಕಾಲ. ಅಲ್ಲಿಯ ಗ್ರಾನೈಟ್ ಕಲ್ಲಿನ ಗುಂಡುಗಳು ನಡುಹಗಲಿನಲ್ಲಿ ಬರಿಯ ಕಾವನ್ನು ಕಾರುವ ಜಡರಾಶಿಗಳು. ಮಾತಂಗಪರ್ವತದ ಮೇಲಿನ ಬೆಳಗಿನಲ್ಲಿ, ಹೇಮಕೂಟದ ಸಂಜೆಯಲ್ಲಿ, ಅವೇ ಬೇರೊಂದು ಜೀವವನ್ನು ತಾಳುತ್ತವೆ. ಕೊಠಡಿ ತೆರವುಮಾಡುವ ಗಂಟೆಗೂ ಮಾರ್ಗದರ್ಶಿಯ ಅವಸರಕ್ಕೂ ಸಿಕ್ಕ ಪ್ರವಾಸಿ ಈ ಎರಡು ಸಂಧ್ಯೆಗಳನ್ನೇ ಕಳೆದುಕೊಳ್ಳುತ್ತಾನೆ. ತನ್ನ ಮನೆಯನ್ನು ತಾನೇ ತಂದವನಿಗಾದರೋ ಎಲ್ಲಿಗೂ ಹಿಂದಿರುಗುವ ತ್ವರೆಯಿಲ್ಲ. ಸ್ಮಾರಕಗಳ ಆವರಣದಲ್ಲಿ ರಾತ್ರಿ ತಂಗಲಾಗದುದರಿಂದ, ಹೊಸಪೇಟೆಗೂ ಹಂಪೆಗೂ ನಡುವಣ ಸುಮಾರು 13 ಕಿಲೋಮೀಟರಿನ ಹಾದಿಯಲ್ಲಿ, ಅನಂತಶಯನಗುಡಿಯನ್ನು ದಾಟಿ ಬಾಳೆಯ ತೋಟಗಳ ಮಗ್ಗುಲಲ್ಲಿ ಸಿಕ್ಕುವ ಕಡ್ಡಿರಾಂಪುರವೇ ಅಂತಹ ಬಂಡಿಗೆ ಸಹಜವಾದ ನಿಲುಗಡೆ.

ಈ ಪದ್ಧತಿಯ ಪರೀಕ್ಷೆಯೂ ಕಡ್ಡಿರಾಂಪುರದಲ್ಲಿಯೇ ಆಗುತ್ತದೆ. ಊರಿನ ಬಳಿ ಬಹಮನೀ ಶೈಲಿಯನ್ನು ನೆನಪಿಗೆ ತರುವ, ಗುಮ್ಮಟಗಳುಳ್ಳ ಎರಡು ಹಳೆಯ ಗೋರಿಗಳಿವೆ. ವಿಜಯನಗರದ ಸೇವೆಯಲ್ಲಿದ್ದ ಅಹ್ಮದ್ ಖಾನನು ರಾಜಧಾನಿಯಲ್ಲಿ 1439ರಲ್ಲಿ ಕಟ್ಟಿಸಿದ ಮಸೀದಿಯೊಡನೆ ಸೇರಿಸಿ ನೋಡಿದರೆ, ಆ ಪಟ್ಟಣದ ಜನಜೀವನ ಎಷ್ಟು ಮಿಶ್ರವಾದುದಾಗಿತ್ತೆಂಬುದಕ್ಕೆ ಇವು ಸಾಕ್ಷಿ ನುಡಿಯುತ್ತವೆ. 2011ರಲ್ಲಿ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಿಂದ ಎಬ್ಬಿಸಲ್ಪಟ್ಟ ಕುಟುಂಬಗಳಿಗೆ ಪುನರ್ವಸತಿಯ ನೆಲವನ್ನು ತೋರಿಸಿದುದೂ ಇಲ್ಲಿಯೇ. ಬಂದವರಿಗೆ ಊಟವನ್ನೂ ಚಾಪೆಯನ್ನೂ ಕೊಟ್ಟು ಬದುಕುತ್ತಿದ್ದವರು ಮನೆ ಕಳೆದುಕೊಂಡು ಬಂದು ನೆಲೆಸಿದ ಊರಿನ ಪಕ್ಕದಲ್ಲಿ, ಯಾರ ಮನೆಯೂ ಬೇಡದ ಪ್ರವಾಸಿ ತನ್ನ ಮನೆಯನ್ನು ತಂದು ನಿಲ್ಲಿಸುತ್ತಾನೆ. ಆತನ ಕಿಟಕಿ ನೋಟದ ಕಡೆಗೆ ತೆರೆದಿರುತ್ತದೆ. ಬಾಗಿಲು ಊರಿನ ಕಡೆಗೆ ತೆರೆಯುವುದೇ ಎಂಬುದು ಪ್ರಶ್ನೆ.

ಗಾಲಿಯ ಮೇಲಣ ವಾಸ ಈ ಸೀಮೆಗೆ ಹೊಸದಲ್ಲ. ಮೈಲಾರದ ಭರತಹುಣ್ಣಿಮೆಯ ಜಾತ್ರೆಗೂ ಹೊಳೆಯಾಚೆಯ ಹುಲಿಗೆಮ್ಮನ ಪರಿಷೆಗೂ ಸವಾರಿ ಬಂಡಿ ಕಟ್ಟಿಕೊಂಡು, ರೊಟ್ಟಿಯ ಗಂಟು, ಸೇಂಗಾ ಚಟ್ನಿ, ಹಾಸಿಗೆ, ಮಕ್ಕಳು ಸಮೇತರಾಗಿ ಹೊರಟು, ದಾರಿಯಲ್ಲಿ ಮೂರು ಕಲ್ಲು ಹೂಡಿ ಅಡುಗೆ ಮಾಡಿ, ಬಂಡಿಯ ಅಡಿಯಲ್ಲಿಯೇ ಮಲಗುವ ಸಂಪ್ರದಾಯ ಇಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಆದರೆ ಎತ್ತಿಗೆ ಮೇವು ಬೇಕಾಗಿತ್ತು, ಕೊಡಕ್ಕೆ ಬಾವಿ ಬೇಕಾಗಿತ್ತು; ಆದಕಾರಣ ಆ ಬಂಡಿ ಯಾವ ಊರನ್ನೂ ಮಾತನಾಡಿಸದೆ ದಾಟುವಂತಿರಲಿಲ್ಲ. ಹೊಸ ಬಂಡಿಯ ಹೆಮ್ಮೆ ಅದರ ಸ್ವಯಂಪೂರ್ಣತೆಯಲ್ಲಿದೆ. ದೋಷವೂ ಅಲ್ಲಿಯೇ ಇದೆ. ನೀರಿನ ತೊಟ್ಟಿ ತುಂಬಿರುವವನು ಯಾರ ಹೊಸ್ತಿಲಲ್ಲಿಯೂ ನಿಲ್ಲಬೇಕಾಗಿಲ್ಲ. ಆ ಸ್ವಯಂಪೂರ್ಣತೆಯಾದರೂ ಪೂರ್ಣವಲ್ಲ: ಶೌಚದ ತೊಟ್ಟಿಯನ್ನು ಎಲ್ಲಿ ಬರಿದುಮಾಡಬೇಕೆಂಬ ಪ್ರಶ್ನೆಗೆ ತಕ್ಕ ಏರ್ಪಾಡಿಲ್ಲದ ಕಡೆ ಉತ್ತರವಾಗಬೇಕಾದುದು ಊರಿನ ಹಳ್ಳ, ವಿಜಯನಗರದ ಕಾಲದಿಂದ ಹರಿಯುತ್ತಿರುವ ಕಾಲುವೆ. ಬಾಡಿಗೆಯ ಬಂಡಿಯನ್ನು ಸಾಮಾನ್ಯವಾಗಿ ನಡೆಸುವವನು ಪ್ರವಾಸಿಯಲ್ಲ, ಚಾಲಕ. ಒಳಗಿನ ಮೆತ್ತೆಯ ವರ್ಣನೆಯಲ್ಲಿ ಅವನು ಮಲಗುವ ಜಾಗದ ಮಾತು ಬರುವುದು ವಿರಳ.

ಇನ್ನು ವೈನಿನ ಪ್ರಸಂಗ. ಇದೇ ಪ್ರವಾಸದ ಅತ್ಯಂತ ಆಕ್ಷೇಪಾರ್ಹ ಭಾಗವೆಂದು ಹಲವರು ಎಣಿಸಿಯಾರು. ನನ್ನ ದೃಷ್ಟಿಯಲ್ಲಿ ಅದೇ ಅತ್ಯಂತ ಶಿಕ್ಷಿತವಾದ ಭಾಗ. ದ್ರಾಕ್ಷಿ ಈ ನೆಲಕ್ಕೆ ಅನ್ಯವಲ್ಲ. ಕೃಷ್ಣದೇವರಾಯನ ಕಾಲದಲ್ಲಿ ಇಲ್ಲಿಗೆ ಬಂದ ಪೋರ್ತುಗೀಜ ಪಾಯೆಸನು ಪೇಟೆಯಲ್ಲಿ ದ್ರಾಕ್ಷಿಯೂ ದಾಳಿಂಬೆಯೂ ಮಾರಾಟಕ್ಕಿದ್ದುದನ್ನು ಬರೆದಿದ್ದಾನೆ. ಈಗ ಹೊಳೆಯಾಚೆ ಕೊಪ್ಪಳದ ಸೀಮೆಯ ಒಣಗುಡ್ಡಗಳಲ್ಲಿ ಕೃಷ್ಮಾ ಎಂಬ ಸಂಸ್ಥೆ ಕ್ಯಾಬರ್ನೇ ಸೊವಿನ್ಯೋನ್, ಸಾಂಜಿಯೊವೇಸೆ ಮುಂತಾದ ತಳಿಗಳನ್ನು ಬೆಳೆದು, ಹಂಪಿ ಹಿಲ್ಸ್ ಎಂಬ ಹೆಸರಿನೊಡನೆ ತನ್ನ ವೈನನ್ನು ಹೊರತರುತ್ತಿದೆ. ನಮ್ಮ ಹವೆಯಲ್ಲಿ ಬಳ್ಳಿಗೆ ಚಳಿಗಾಲದ ನಿದ್ರೆಯಿಲ್ಲವಾಗಿ, ಬೆಳೆಗಾರರು ವರ್ಷಕ್ಕೆ ಎರಡು ಸಲ, ಏಪ್ರಿಲಿನ ಸುಮಾರಿಗೊಮ್ಮೆ, ಮಳೆ ಹಿಂದಾಗುವ ಸೆಪ್ಟೆಂಬರ್-ಅಕ್ಟೋಬರಿನಲ್ಲೊಮ್ಮೆ ಚಾಟ್ನಿ (ಬಳ್ಳಿಯ ಸವರಿಕೆ) ಮಾಡಿ, ಒಂದೇ ಫಸಲನ್ನು ಪಡೆಯುತ್ತಾರೆ. ನೀರು ಮಿತವಾದಷ್ಟೂ ಹಣ್ಣು ಕಿರಿದಾಗಿ ರಸ ಗಾಢವಾಗುತ್ತದೆ. ಕಂಪ್ಲಿಯ ಭತ್ತದ ಗದ್ದೆ, ಕಬ್ಬಿನ ತೋಟಗಳ ಜಲಸಮೃದ್ಧಿಯನ್ನು ಕಂಡು ಬಂದವನಿಗೆ ಈ ಜಿಪುಣತನದ ಕೃಷಿಯ ಅರ್ಥ ಇಮ್ಮಡಿಯಾಗಿ ಹೊಳೆಯುತ್ತದೆ.

ಬಲ್ಲವನು ವೈನನ್ನು ರುಚಿನೋಡುವ ಕ್ರಮ ಗಮನಾರ್ಹವಾದುದು. ಬಣ್ಣವನ್ನು ನೋಡುವನು, ಪರಿಮಳವನ್ನು ಗ್ರಹಿಸುವನು, ಒಂದು ಗುಟುಕನ್ನು ಬಾಯಲ್ಲಿ ನಿಲ್ಲಿಸಿ ವಿವೇಚಿಸಿ ಉಗುಳಿಬಿಡುವನು. ಮತ್ತನಾಗುವುದು ಅವನ ಉದ್ದೇಶವಲ್ಲ. ಬಳ್ಳಿ ಬೆಳೆದವನನ್ನು ಪ್ರಶ್ನಿಸುವನು, ಮಣ್ಣನ್ನೂ ವರ್ಷವನ್ನೂ ಕೇಳುವನು. ಚಾಲಕನ ರಕ್ತದ 100 ಮಿಲಿಲೀಟರಿನಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿರಕೂಡದೆಂಬ ಕಾನೂನಿನ ಮಿತಿ ಒಂದಾದರೆ, ರಸಿಕನೇ ತನಗೆ ಹಾಕಿಕೊಂಡ ಮಿತಿ ಇನ್ನೊಂದು; ಎರಡನೆಯದು ಉತ್ತಮತರವಾದುದು. ಸೋಜಿಗವೇನೆಂದರೆ, ಬಟ್ಟಲಿನ ಮುಂದೆ ಇಷ್ಟು ಸಂಯಮವನ್ನು ತೋರಿದವನೇ ನೋಟದ ಮುಂದೆ ಕುಡುಕನಂತಾಗುತ್ತಾನೆ. ಸಂಡೂರಿಗೆ ಹೋದರೆ, ಮಳೆಗಾಲದ ನಾರಿಹಳ್ಳದ ಕಣಿವೆಯ ಹಸಿರನ್ನು ಚಿತ್ರದಲ್ಲಿ ಹಿಡಿದು, ಕುಮಾರಸ್ವಾಮಿಯ ಗುಡಿಯ ಮುಂದೆ ಐದು ನಿಮಿಷ ನಿಂತು, ಅದೇ ಗುಡ್ಡಗಳ ಕಬ್ಬಿಣದ ಅದಿರನ್ನು ಹೊತ್ತ ಲಾರಿಗಳ ಕೆಂಧೂಳಿಗೆ ಕಿಟಕಿ ಮುಚ್ಚಿ ಮುಂದೆ ಸಾಗುತ್ತಾನೆ. ಅಕ್ರಮ ಗಣಿಗಾರಿಕೆಯ ವಿಚಾರದಲ್ಲಿ ಸರ್ವೋಚ್ಚ ನ್ಯಾಯಾಲಯವೇ 2011ರಲ್ಲಿ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದ ಸಂಗತಿಯಾಗಲಿ, ಅಲ್ಲಿಯ ಲಂಬಾಣಿ ಹೆಣ್ಣುಮಕ್ಕಳ ಸೂಜಿಯ ಕೈಚಳಕವಾಗಲಿ ಅವನ ರುಚಿಗೆ ನಿಲುಕುವುದಿಲ್ಲ. ಒಂದೇ ದಿನದಲ್ಲಿ ಹತ್ತು ನೋಟಗಳನ್ನು ನುಂಗಿದವನು ಒಂದನ್ನಾದರೂ ಆಸ್ವಾದಿಸಿದನೆನ್ನಲಾಗದು.

ಆದುದರಿಂದ ಈ ಪದ್ಧತಿಯ ವಿಷಯದಲ್ಲಿ ತೀರ್ಪು ಇಬ್ಬಗೆಯಾದುದು. ಪ್ರವಾಸಿಗೆ ಕಾಲವನ್ನು ದೊರಕಿಸಿಕೊಡುವ ಸಾಧನವಾಗಿ ಗಾಲಿಯ ಮನೆ ಪ್ರಶಂಸನೀಯ. ಊರನ್ನು ಅನಾವಶ್ಯಕಗೊಳಿಸುವ ಕೋಟೆಯಾಗಿ ಅದು ನಿಂದ್ಯ. ಮೊದಲನೆಯದಾಗುವುದಕ್ಕೆ ದೊಡ್ಡ ಸುಧಾರಣೆಯೇನೂ ಬೇಕಿಲ್ಲ. ನಿಲುಗಡೆಗಳು ಕಡಮೆಯಾಗಲಿ, ನಿಂತಲ್ಲಿ ವಾಸ ದೀರ್ಘವಾಗಲಿ. ಒಳಗಿನ ಒಲೆ ಒಂದು ಹೊತ್ತಾದರೂ ಆರಿರಲಿ. ರೊಟ್ಟಿ ಖಾನಾವಳಿಯದಾಗಲಿ, ಸಂಜೆಯ ಮಿರ್ಚಿ ಮಂಡಕ್ಕಿ ರಸ್ತೆಯ ಅಂಗಡಿಯದಾಗಲಿ. ಹಂಪೆಯನ್ನು ತೋರಿಸಲು ಕಡ್ಡಿರಾಂಪುರದವರನ್ನೇ ಕರೆದುಕೊಳ್ಳಲಿ. ಮಂಟಪಗಳಲ್ಲಿ ಬಾಳಿದವರಿಗೆ ತಿಳಿದುದು ಫಲಕಗಳಲ್ಲಿ ಬರೆದುದಕ್ಕಿಂತ ಹೆಚ್ಚು. ತೊಟ್ಟಿ ಬರಿದುಮಾಡುವ ಏರ್ಪಾಡು ಖಚಿತವಾಗದೆ ಬಂಡಿ ಹೊರಡದಿರಲಿ, ಚಾಲಕನಿಗೊಂದು ಹಾಸಿಗೆಯ ಲೆಕ್ಕ ಬಾಡಿಗೆಯಲ್ಲಿಯೇ ಸೇರಲಿ. ಇಷ್ಟಾದರೆ ಹಳೆಯ ಸವಾರಿ ಬಂಡಿ ಅನಿವಾರ್ಯತೆಯಿಂದ ಮಾಡುತ್ತಿದ್ದುದನ್ನು ಹೊಸ ಬಂಡಿ ಇಚ್ಛಾಪೂರ್ವಕವಾಗಿ ಮಾಡಿದಂತಾಗುತ್ತದೆ. ಅನುಕೂಲವುಳ್ಳವನ ಸೌಜನ್ಯವನ್ನು ಅಳೆಯಲು ಇದಕ್ಕಿಂತ ಸರಿಯಾದ ಮಾನದಂಡ ನನಗೆ ಕಾಣದು.