ಡಾಂಗಲ್‌ಗೆ ಡ್ರೈವರ್ ಬರೆದವರು

ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ವೈಫೈ ಅಡಾಪ್ಟರ್, ಅಂದರೆ ಜನ ಡಾಂಗಲ್ ಎನ್ನುವ ಪುಟ್ಟ ಸಾಧನ, ಲಿನಕ್ಸ್‌ನಲ್ಲಿ ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಮೇಲೆ ಅಚ್ಚಾದ ಹೆಸರಲ್ಲ, ಒಳಗಿರುವ ಚಿಪ್. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಎನ್722ಎನ್‌ನ ಮೊದಲ ಆವೃತ್ತಿಯಲ್ಲಿ ಅಥೆರೋಸ್‌ನ ಎಆರ್9271 ಚಿಪ್ ಇದ್ದರೆ, ಅದೇ ಹೆಸರಿನ ಎರಡನೆಯ ಆವೃತ್ತಿಯಲ್ಲಿ ರಿಯಲ್‌ಟೆಕ್ ಚಿಪ್ ಕುಳಿತಿದ್ದು, ಎರಡಕ್ಕೂ ಬೇಕಾದ ಡ್ರೈವರ್, ಅಂದರೆ ಯಂತ್ರಕ್ಕೂ ಕಾರ್ಯಾಚರಣ ವ್ಯವಸ್ಥೆಗೂ ನಡುವೆ ನಿಂತು ಮಾತು ದಾಟಿಸುವ ತಂತ್ರಾಂಶ, ಬೇರೆ ಬೇರೆ. ಆದ್ದರಿಂದ ಬಲ್ಲವರು ಡಬ್ಬಿಯನ್ನು ನಂಬದೆ ‘ಎಲ್‌ಎಸ್‌ಯುಎಸ್‌ಬಿ’ ಎಂಬ ಆಜ್ಞೆ ಕೊಟ್ಟು ಸಾಧನದ ಗುರುತುಸಂಖ್ಯೆಯನ್ನೇ ಓದುತ್ತಾರೆ.

ವಿಂಡೋಸ್‌ಗಾಗಿ ಬರೆದ ಡ್ರೈವರನ್ನೇ ಎನ್‌ಡಿಐಎಸ್‌ವ್ರ್ಯಾಪರ್ ಎಂಬ ತಂತ್ರಾಂಶದ ಮೂಲಕ ಲಿನಕ್ಸ್‌ಗೆ ಒಗ್ಗಿಸುವ ಅಡ್ಡದಾರಿಯೂ ಒಂದು ಕಾಲದಲ್ಲಿ ರೂಢಿಯಲ್ಲಿತ್ತು. 2007ರಲ್ಲಿ ಕರ್ನಲ್‌ಗೆ, ಅಂದರೆ ವ್ಯವಸ್ಥೆಯ ತಿರುಳಿಗೆ, ಮ್ಯಾಕ್80211 ಎಂಬ ಸಾಮಾನ್ಯ ಪದರ ಸೇರಿದ ಮೇಲೆ, ವೈಫೈನ ನಿಯಮಗಳನ್ನು ಪ್ರತಿ ಡ್ರೈವರಿನಲ್ಲೂ ಹೊಸದಾಗಿ ಬರೆಯಬೇಕಾದ ಪಾಡು ಬಹುಮಟ್ಟಿಗೆ ತಪ್ಪಿತು. ಇದಕ್ಕಿಂತಲೂ ಮೆಚ್ಚತಕ್ಕದ್ದು ಎಆರ್9271ರ ವಿಷಯ: ಅದರ ಡ್ರೈವರಷ್ಟೇ ಅಲ್ಲ, ಚಿಪ್‌ನೊಳಗೇ ಓಡುವ ಫರ್ಮ್‌ವೇರ್ ಎಂಬ ತಂತ್ರಾಂಶದ ಮೂಲವೂ ಮುಕ್ತವಾಗಿದ್ದು, ವೈಫೈ ಲೋಕದಲ್ಲಿ ಇಂಥ ಔದಾರ್ಯ ತೀರ ಅಪರೂಪ. ರಿಯಲ್‌ಟೆಕ್ ಚಿಪ್‌ಗಳ ಬಳಕೆದಾರರು ಋಣಿಗಳಾಗಿರಬೇಕಾದದ್ದು 2024ರಲ್ಲಿ ತೀರಿಕೊಂಡ ಲ್ಯಾರಿ ಫಿಂಗರ್ ಅವರಿಗೆ. ವರ್ಷಗಟ್ಟಲೆ ಆ ಡ್ರೈವರುಗಳನ್ನು ತಿದ್ದಿ ಸಲಹಿದವರು ಅವರು.

ಬಾಬಾಬುಡನ್‌ಗಿರಿ ಸಾಲಿನ ಅತ್ತಿಗುಂಡಿಯಂಥ ಕಾಫಿ ಸೀಮೆಯ ದಪ್ಪ ಗೋಡೆಯ ಮನೆಗೆ ಡಾಂಗಲ್ ಚೆನ್ನಾಗಿ ಒಪ್ಪುತ್ತದೆ. ಕಂಪ್ಯೂಟರಿನೊಳಗಿನ ಕಾರ್ಡು ಕೂತಲ್ಲೇ ಕೂತರೆ, ಡಾಂಗಲನ್ನು ಉದ್ದನೆಯ ಯುಎಸ್‌ಬಿ ಕೇಬಲ್ ಹಾಕಿ ಕಿಟಕಿಯವರೆಗೆ ಒಯ್ಯಬಹುದು. ಎಆರ್9271 ಬಲ್ಲದ್ದು 2.4 ಗಿಗಾಹರ್ಟ್ಸ್ ಅಲೆಯನ್ನು ಮಾತ್ರ, ಆದರೆ ಗೋಡೆ ದಾಟುವುದರಲ್ಲಿ ಆ ಅಲೆ 5 ಗಿಗಾಹರ್ಟ್ಸ್‌ಗಿಂತ ಮೇಲು.