ಅಪಸ್ಮಾರವೂ ಮಂದವಿದ್ಯುತ್ತೂ: ಒಂದು ಶಬ್ದವಿಮರ್ಶೆ

ಶಾಸ್ತ್ರವಿಷಯಗಳನ್ನು ಕನ್ನಡಿಸುವಾಗ ಪದಕ್ಕೆ ಪದವನ್ನಿಟ್ಟರೆ ಅರ್ಥ ಕೆಡುವುದೆಂಬುದು ವಿದ್ವಾಂಸರಿಗೆ ವಿದಿತವೇ ಇದೆ. ವೈದ್ಯವಿಷಯದಲ್ಲಾದರೋ ಅರ್ಥದೊಡನೆ ರೋಗಿಯ ಹಿತವೂ ಕೆಡಬಹುದು. ಅಪಸ್ಮಾರಕ್ಕೆ ಉಪಯೋಗವಾದೀತೇ ಎಂದು ಈಗ ಪರೀಕ್ಷಿಸಲ್ಪಡುತ್ತಿರುವ ಒಂದು ಕ್ರಮವನ್ನು ಇಂಗ್ಲಿಷಿನ ಜಾಡಿನಲ್ಲೇ ನಡೆದು ‘ಆಕ್ರಮಣಶೀಲವಲ್ಲದ ವಿದ್ಯುತ್ ಪ್ರಚೋದನ ಚಿಕಿತ್ಸೆ’ ಎಂದು ಕರೆದರೆ ಆಗುವ ದೋಷಗಳನ್ನು ಇಲ್ಲಿ ಒಂದೊಂದಾಗಿ ಪರಿಶೀಲಿಸುವೆವು.

ಮೊದಲನೆಯದು ‘ಆಕ್ರಮಣಶೀಲವಲ್ಲದ’ ಎಂಬ ವಿಶೇಷಣ. ಆಕ್ರಮಣವು ಶತ್ರುವಿನ ಕಾರ್ಯ. ವೈದ್ಯನಲ್ಲಿ ಅದರ ಶಂಕೆಯೇ ಇಲ್ಲದಿರುವಾಗ ನಿಷೇಧವೇಕೆ? ವಿವಕ್ಷಿತಾರ್ಥವಿಷ್ಟೆ: ತಲೆಬುರುಡೆಯನ್ನು ತೆರೆಯದೆ, ಒದ್ದೆಮಾಡಿದ ಎರಡು ಬಿಲ್ಲೆಗಳನ್ನು ಚರ್ಮದ ಮೇಲಿಟ್ಟು ೧ ಅಥವಾ ೨ ಮಿಲಿಆಂಪಿಯರಿನಷ್ಟು ಮಂದಪ್ರವಾಹವನ್ನು ಹಾಯಿಸುವುದು. ಇದಕ್ಕೆ ‘ಕೊಯ್ಯದೆ ಕೊರೆಯದೆ’ ಎಂಬ ನಮ್ಮ ಮಾತೇ ಸಾಕು.

‘ಪ್ರಚೋದನ’ ಎಂಬಲ್ಲಿ ದೋಷವು ಗುರುತರವಾದುದು. ಮೆದುಳಿನ ಜೀವಕೋಶಗಳು ಒಮ್ಮೆಗೇ ಮಿತಿಮೀರಿ ಉದ್ರೇಕಗೊಳ್ಳುವುದೇ ಅಪಸ್ಮಾರದ ಸೆಳೆತಕ್ಕೆ ಮೂಲ. ಉದ್ರಿಕ್ತವಾದುದನ್ನು ಪ್ರಚೋದಿಸುವುದೆಂದರೆ ಉರಿಯುವ ಬೆಂಕಿಗೆ ತುಪ್ಪ ಹೊಯ್ದಂತೆ. ಧನಾಗ್ರದ ಕೆಳಗೆ ಮೆದುಳಿನ ಉದ್ರೇಕಶೀಲತೆಯು ಹೆಚ್ಚುವುದನ್ನೂ ಋಣಾಗ್ರದ ಕೆಳಗೆ ತಗ್ಗುವುದನ್ನೂ ಜರ್ಮನಿಯ ನಿತ್ಷೆ ಮತ್ತು ಪೌಲುಸ್ ಎಂಬವರು ೨೦೦೦ದಲ್ಲಿ ತೋರಿಸಿದರು. ಅಪಸ್ಮಾರದಲ್ಲಿ ಅಪೇಕ್ಷಿತವಾದುದು ಈ ಎರಡನೆಯ ಪರಿಣಾಮ, ಎಂದರೆ ಶಮನ. ಹೆಸರು ಇದಕ್ಕೆ ನೇರ ವಿರುದ್ಧವಾಗಿ ನಿಲ್ಲುತ್ತದೆ.

‘ವಿದ್ಯುತ್’ ಎಂದಷ್ಟೇ ಹೇಳುವುದರಲ್ಲಿಯೂ ಅಪಾಯವುಂಟು. ಜಗಳೂರಿನ ಒಬ್ಬ ತಾಯಿಗೆ ‘ಮಗುವಿನ ತಲೆಗೆ ಕರೆಂಟು ಕೊಡುತ್ತಾರೆ’ ಎಂದರೆ ಅವಳ ಮನಸ್ಸಿಗೆ ಬರುವುದು ಮನೋರೋಗಿಗಳಿಗೆ ಕೊಡುವ ಷಾಕು. ೧೯೩೮ರಲ್ಲಿ ರೋಮಿನ ಚೆರ್ಲೆತ್ತಿ ಮತ್ತು ಬಿನಿಯವರು ಮೊದಲುಮಾಡಿದ ಆ ಕ್ರಮದಲ್ಲಿ ಪ್ರವಾಹವು ನೂರಾರು ಪಾಲು ಹೆಚ್ಚು; ಅಲ್ಲಿ ಸೆಳೆತವನ್ನು ಬೇಕೆಂದೇ ಬರಿಸುವರು. ಸೆಳೆತವನ್ನು ಬರಿಸುವುದಕ್ಕೂ ತಡೆಯುವುದಕ್ಕೂ ಒಂದೇ ಹೆಸರಾದರೆ ಆ ತಾಯಿ ಹೆದರಿ ಹಿಂಜರಿಯುವುದು ಸಹಜ.

ಕಡೆಯದು ‘ಚಿಕಿತ್ಸೆ’. ೨೦೦೬ರಲ್ಲಿ ಫ್ರೆಗ್ನಿ ಮುಂತಾದವರು ೧೯ ಮಂದಿ ರೋಗಿಗಳಲ್ಲಿ ನಡೆಸಿದ ಪರೀಕ್ಷೆಯಲ್ಲಿ ಮೆದುಳಿನ ವಿದ್ಯುಲ್ಲೇಖದಲ್ಲಿ ಕಾಣುವ ವಿಕಾರಗಳು ಸ್ಪಷ್ಟವಾಗಿ ಕಡಮೆಯಾದುವು. ಸೆಳೆತಗಳು ಕಡಮೆಯಾದುವೆಂದು ಅಷ್ಟೇ ದೃಢವಾಗಿ ಹೇಳಲು ಸಾಧ್ಯವಾಗಲಿಲ್ಲ. ಇದನ್ನು ಆಶಾದಾಯಕವೆನ್ನಬಹುದು, ಸಿದ್ಧವೆನ್ನಲಾಗದು. ಸಿದ್ಧವಾದುದು ಬೇರೆಯುಂಟು. ನಮ್ಮ ಯಳಂದೂರಿನ ಹಳ್ಳಿಗಳಲ್ಲಿ ಡಾ. ಕೆ. ಎಸ್. ಮಣಿಯವರೂ ಅವರ ಸಂಗಡಿಗರೂ ನಡೆಸಿ ೨೦೦೧ರಲ್ಲಿ ಪ್ರಕಟಿಸಿದ ಅಧ್ಯಯನವು, ಫೀನೋಬಾರ್ಬಿಟಾಲ್, ಫೆನಿಟಾಯಿನ್ ಎಂಬ ಅಗ್ಗದ ಔಷಧಗಳಿಂದಲೇ ಗ್ರಾಮಾಂತರದಲ್ಲಿ ಈ ರೋಗವನ್ನು ಹತೋಟಿಯಲ್ಲಿಡಬಹುದೆಂದು ತೋರಿಸಿತು. ಔಷಧಕ್ಕೆ ಬಗ್ಗದ ರೋಗವುಳ್ಳವರು ಸುಮಾರು ಮೂರರಲ್ಲೊಂದು ಪಾಲು. ಹೊಸ ಶೋಧನೆಯು ಮುಖ್ಯವಾಗಿ ಅವರಿಗಾಗಿ. ‘ಚಿಕಿತ್ಸೆ’ ಎಂಬ ಮಾತನ್ನು ನಂಬಿ ಉಳಿದವರು ಮಾತ್ರೆಯನ್ನು ಬಿಟ್ಟರೆ ಪ್ರಾಣಕ್ಕೇ ಸಂಚಕಾರ.

ಆದಕಾರಣ ಈ ಕ್ರಮವನ್ನು ಸದ್ಯಕ್ಕೆ ‘ಮಂದವಿದ್ಯುತ್ ಪ್ರಯೋಗ’ ಎನ್ನುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ‘ಮಂದ’ವು ಷಾಕಿನಿಂದ ಇದನ್ನು ಬೇರ್ಪಡಿಸುವುದು, ‘ಪ್ರಯೋಗ’ವು ಹಾಯಿಸುವ ಕ್ರಿಯೆಯನ್ನೂ ಇನ್ನೂ ಮುಗಿಯದ ಪರೀಕ್ಷೆಯನ್ನೂ ಒಟ್ಟಿಗೆ ಸೂಚಿಸುವುದು. ಸೆಳೆತ ಬಂದವನ ಕೈಗೆ ಕಬ್ಬಿಣ ಕೊಡುವ ರೂಢಿ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಅಂಥ ನಂಬಿಕೆಗೆ ಶಾಸ್ತ್ರದ ಹೆಸರಿನಲ್ಲಿ ಮತ್ತೊಂದು ಆಸರೆ ದೊರೆಯದಂತೆ ನೋಡಿಕೊಳ್ಳುವುದು ಭಾಷಾಧ್ಯಾಪಕರ ಕರ್ತವ್ಯವೂ ಆಗಿದೆ.