ಎಂಟು ಮೆಟ್ಟಿಲುಗಳ ಏಣಿ: ಒಂದು ವಿಮರ್ಶೆ

ನಗರ ಯೋಜನೆ ಹಾಗೂ ಸಮುದಾಯ ಅಭಿವೃದ್ಧಿ ವಿಷಯಗಳಲ್ಲಿ ಸ್ನಾತಕೋತ್ತರ ಅಧ್ಯಯನ ಮಾಡುವವರು ಹೆಚ್ಚಾಗಿ ಓದುವ ಲೇಖನಗಳಲ್ಲಿ ಶೆರಿ ಆರ್ನ್‌ಸ್ಟೈನ್ ಅವರ 'ನಾಗರಿಕ ಸಹಭಾಗಿತ್ವದ ಏಣಿ' ಒಂದು. 1969ರಲ್ಲಿ ಅಮೆರಿಕದ ಯೋಜಕರ ಪತ್ರಿಕೆಯೊಂದರಲ್ಲಿ ಪ್ರಕಟವಾದ ಇದು ಹತ್ತು ಪುಟಗಳನ್ನೂ ಮೀರದು. ಅಲ್ಲಿನ ಸರ್ಕಾರದ 'ಮಾದರಿ ನಗರ' ಕಾರ್ಯಕ್ರಮದಲ್ಲಿ ಲೇಖಕಿ ನಾಗರಿಕ ಸಹಭಾಗಿತ್ವದ ಸಲಹೆಗಾರ್ತಿಯಾಗಿದ್ದರು.

'ಜನರನ್ನು ಕೇಳಿಯೇ ಯೋಜನೆ ರೂಪಿಸಿದ್ದೇವೆ' ಎಂಬ ಮಾತನ್ನು ನೀವು ಕೇಳಿರುತ್ತೀರಿ. ಕೇಳಿದ ಮೇಲೆ ನಿರ್ಧರಿಸಿದವರು ಯಾರು ಎಂಬುದು ಆರ್ನ್‌ಸ್ಟೈನ್ ಅವರ ಪ್ರಶ್ನೆ. ಅದಕ್ಕಾಗಿ ಎಂಟು ಮೆಟ್ಟಿಲುಗಳ ಏಣಿಯೊಂದನ್ನು ಅವರು ಕಲ್ಪಿಸುತ್ತಾರೆ. ಜನರನ್ನು ಬೇಕಾದಂತೆ ಬಳಸಿಕೊಳ್ಳುವುದು, ಜನರನ್ನೇ ರೋಗಿಗಳಂತೆ ಕಂಡು 'ಚಿಕಿತ್ಸೆ' ನೀಡುವುದು – ಕೆಳಗಿನ ಈ ಎರಡೂ ಸಹಭಾಗಿತ್ವವೇ ಅಲ್ಲ. ಮಾಹಿತಿ ನೀಡುವುದು, ಸಮಾಲೋಚಿಸುವುದು, ಸಮಾಧಾನಪಡಿಸುವುದು – ನಡುವಿನ ಈ ಮೂರು ಬರಿಯ ತೋರಿಕೆ. ಪಾಲುದಾರಿಕೆ, ಅಧಿಕಾರ ವರ್ಗಾವಣೆ, ನಾಗರಿಕ ನಿಯಂತ್ರಣ ಎಂಬ ಮೇಲಿನ ಮೂರರಲ್ಲಿ ಮಾತ್ರ ಜನರಿಗೆ ನಿಜವಾದ ಅಧಿಕಾರವಿದೆ.

ಈ ಅಳತೆಗೋಲನ್ನು ನಮ್ಮಲ್ಲೇ ಬಳಸಿ ನೋಡಿ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಮಹಾಯೋಜನೆಯನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಬೇಕು. ಅಂತಿಮ ನಿರ್ಧಾರ ಸರ್ಕಾರದ್ದು. ಅಂದರೆ ನಾವು ನಿಂತಿರುವುದು ನಾಲ್ಕನೆಯ ಮೆಟ್ಟಿಲಿನಲ್ಲಿ. ಇಷ್ಟನ್ನು ನೇರವಾಗಿ ತೋರಿಸಿಕೊಡುವುದೇ ಈ ಲೇಖನದ ದೊಡ್ಡ ಗುಣ.

ಆದರೆ ತರಗತಿಯಲ್ಲಿ ಇದು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಚಿತ್ರವಾಗಿಬಿಡುವ ಅಪಾಯವಿದೆ. ವಾಸ್ತವದಲ್ಲಿ 150 ಮೆಟ್ಟಿಲುಗಳೇ ಇರಬಹುದು, ಉಳ್ಳವರೂ ಇಲ್ಲದವರೂ ಏಕರೂಪದ ಗುಂಪುಗಳಲ್ಲ ಎಂದು ಲೇಖಕಿಯೇ ಎಚ್ಚರಿಸಿದ್ದಾರೆ. ಚಿತ್ರವನ್ನಷ್ಟೇ ನೋಡಿದವರಿಗೆ ಈ ಎಚ್ಚರಿಕೆ ಸಿಗುವುದಿಲ್ಲ.

ಇನ್ನೊಂದು ಕೊರತೆ ಲೇಖನದ್ದೇ. ಮೇಲೇರಿದಷ್ಟೂ ಒಳ್ಳೆಯದು ಎಂದು ಏಣಿ ಸೂಚಿಸುತ್ತದೆ. ಯಾವ ಪ್ರದೇಶದ ಜನರು ಏರಬೇಕು ಎಂಬುದನ್ನು ಹೇಳುವುದಿಲ್ಲ. ಬೆಂಗಳೂರಿನಲ್ಲಿ ಅಗರ ಕೆರೆಯ ನೀರು ಬೆಳ್ಳಂದೂರಿಗೂ ಅಲ್ಲಿಂದ ವರ್ತೂರಿಗೂ ಹರಿಯುತ್ತದೆ. ಮೇಲ್ಭಾಗದ ಬಡಾವಣೆಯವರು ಪೂರ್ಣ ಅಧಿಕಾರ ಪಡೆದು ತಮ್ಮ ರಾಜಕಾಲುವೆಗೆ ಕಾಂಕ್ರೀಟ್ ಹಾಕಿಸಿ ನೀರನ್ನು ಬೇಗನೆ ಸಾಗಿಸಿದರು ಎನ್ನೋಣ. ಅವರು ಎಂಟನೆಯ ಮೆಟ್ಟಿಲಲ್ಲಿದ್ದಾರೆ. ಕೆಳಭಾಗದವರ ಮನೆಯೊಳಗೆ ನೀರು ನುಗ್ಗುತ್ತದೆ. ನೀರಿಗೆ ವಾರ್ಡಿನ ಗಡಿ ಗೊತ್ತಿಲ್ಲ. ಜಲಾನಯನ ಪ್ರದೇಶದ ನಕ್ಷೆಯಿಲ್ಲದೆ ಸಹಭಾಗಿತ್ವವನ್ನು ಅಳೆದರೆ ಉತ್ತರ ಅರ್ಧವಷ್ಟೇ.

ಹಾಗೆಂದು ನಿರ್ಧಾರವನ್ನು ತಜ್ಞರಿಗೇ ಬಿಡಬೇಕೆಂದಲ್ಲ. ಕೆಳಭಾಗದವರೂ ಅದೇ ಸಭೆಯಲ್ಲಿ ಅಧಿಕಾರದೊಡನೆ ಕೂರಬೇಕು. ಅಧ್ಯಾಪಕರು ಈ ಲೇಖನವನ್ನು ಪಾಠ ಮಾಡುವಾಗ ಪಕ್ಕದಲ್ಲಿ ತಮ್ಮ ಊರಿನ ಚರಂಡಿಗಳ ನಕ್ಷೆಯನ್ನೂ ಇಟ್ಟುಕೊಳ್ಳಲಿ. ಯಾರ ನಿರ್ಧಾರ, ಯಾರ ಮೇಲೆ ಪರಿಣಾಮ – ಈ ಎರಡನ್ನೂ ಒಟ್ಟಿಗೆ ಕೇಳಲು ಕಲಿತ ವಿದ್ಯಾರ್ಥಿಯೇ ಒಳ್ಳೆಯ ಯೋಜಕನಾಗಬಲ್ಲ, ಯೋಜಕಿಯಾಗಬಲ್ಲಳು.